ಜೊಂಡನ್ನು ನೀರಿನೊಳಗೇ ಕೊಯ್ದೆವು, ಈಗ ಕೆರೆ ಕಾಣುತ್ತಿದೆ

ನಮ್ಮ ಪಾರ್ಕಿನ ಕೆರೆಯಲ್ಲಿ ನೀರಿದೆ ಅಂದರೆ 3 ವರ್ಷದ ಹಿಂದೆ ಯಾರೂ ನಂಬುತ್ತಿರಲಿಲ್ಲ. 4 ಎಕರೆಯಲ್ಲಿ ಹತ್ತಿರ ಹತ್ತಿರ 3 ಎಕರೆ ಜೊಂಡು. ಉಳಿದದ್ದರ ಮೇಲೆ ಅಂತರಗಂಗೆ, ಅಂದರೆ ತೇಲುವ ಕಳೆ ವಾಟರ್ ಹಯಸಿಂತ್. ಮಿಷನ್ ಇಳಿಸದೆ ಆಗುವುದಿಲ್ಲ ಅಂತ ಎಲ್ಲರೂ ಹೇಳಿದರು. ಕೊನೆಗೆ ನಾವು ಕುಡುಗೋಲಿನಲ್ಲೇ ಮಾಡಿದೆವು.

ಮಿಷನ್ ಇಳಿಸಿಯೂ ನೋಡಿದ್ದೆವು. ಮೊದಲ ವರ್ಷದ ದುಡ್ಡಿನಲ್ಲಿ ಬಹುಪಾಲು ಅದಕ್ಕೇ ಹೋಯಿತು. 10-11 ದಿನ ಕೆಸರು ಬಗೆದರು. ಜೊಂಡಿನ ಗಡ್ಡೆ ತುಂಡು ತುಂಡಾಗಿ ಅಲ್ಲೇ ಉಳಿಯಿತು, ಒಂದೊಂದು ತುಂಡೂ ಚಿಗುರಿತು, ಎರಡು ತಿಂಗಳಲ್ಲಿ ಮೊದಲಿಗಿಂತ ದಟ್ಟವಾಗಿ ಎದ್ದು ನಿಂತಿತು. ಇದಕ್ಕಿಂತ ಹೊಟ್ಟೆ ಉರಿಸಿದ್ದು ಸಾಗಾಟ. ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲೋಡುಗಳಿಗೇ ಹೋಯಿತು. ಹಸಿ ಅಂತರಗಂಗೆಯಲ್ಲಿ ನೂರಕ್ಕೆ 90ರಷ್ಟು ನೀರೇ ಅಲ್ವಾ? ನೀರನ್ನೇ ಬಾಡಿಗೆ ಕೊಟ್ಟು ಹೊರಗೆ ಹಾಕಿದ ಹಾಗಾಯಿತು. ಈಗ ದಡದ ಮೇಲೆ ಒಂದು ವಾರ ಒಣಗಿಸುತ್ತೇವೆ. 5 ಲೋಡು ಆಗುತ್ತಿದ್ದದ್ದು 1 ಲೋಡಿಗೆ ಬಂದಿದೆ.

ಎರಡನೇ ವರ್ಷ ಕೈಯಲ್ಲಿ ಜೊಂಡು ಕೊಯ್ದೆವು, ಆದರೆ ನೀರಿನ ಮಟ್ಟಕ್ಕಿಂತ ಮೇಲೆ. ಮೂರೇ ವಾರಕ್ಕೆ ಮೊಣಕಾಲೆತ್ತರ ಬಂತು. ಕೋಡಿಯ ಪಕ್ಕದಲ್ಲಿ ಒಂದು ತುಣುಕು ಜಾಗ ಮಾತ್ರ ಖಾಲಿ ಇತ್ತು. ಮಳೆಗೆ ನೀರು ಏರಿ ಅಲ್ಲಿನ ಕೂಳೆ, ಅಂದರೆ ಕೊಯ್ದ ಮೇಲೆ ಉಳಿದ ಮೋಟು, ಮುಳುಗಿತ್ತು. ಒಂದನ್ನು ಹಿಡಿದು ಎಳೆದೆ. ಬೆಂದ ಗೆಣಸಿನ ಹಾಗೆ ಮೆತ್ತಗೆ, ಸಿಪ್ಪೆ ಜಾರಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಾ ಗಡ್ಡೆ ಸಮೇತ ಕೈಗೆ ಬಂತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೆಸರಿನೊಳಗಿನ ಗಡ್ಡೆ ಉಸಿರಾಡುವುದು ಮೇಲಿನ ಎಲೆಯ ಮೂಲಕ. ಆದ್ದರಿಂದ ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಕೊಯ್ಯಬೇಕು, ಕನಿಷ್ಠ 6-8 ವಾರ ಕೂಳೆಯ ತುದಿ ಮೇಲೆ ಕಾಣಬಾರದು. ಕೋಡಿಗೆ ಹಲಗೆ ಕೊಟ್ಟು ನೀರು ನಿಲ್ಲಿಸಿದೆವು. ಹೋದ ವರ್ಷದ ಒಣ ಕಡ್ಡಿಗಳನ್ನೂ ಬಿಡಬೇಡಿ, ಅವೂ ಗಾಳಿ ಇಳಿಸುತ್ತವೆ. ಸುಮಾರು ಜನ ಸೋಲುವುದು ಇಲ್ಲೇ, ಹಸಿರು ಕೊಯ್ದು ಒಣಗಿದ್ದನ್ನು ಸುಮ್ನೆ ಬಿಡುತ್ತಾರೆ. ಸಮಯ ಅಂದರೆ ತೆನೆ ಆಗಷ್ಟೇ ಹೊರಡುವಾಗ. ಗಡ್ಡೆಯಲ್ಲಿ ಕೂಡಿಟ್ಟದ್ದು ಆಗ ಖಾಲಿಯಾಗಿರುತ್ತದೆ. ಹತ್ತರಲ್ಲಿ ಒಂದರಷ್ಟು ಮತ್ತೆ ಬಂತು, ತಿಂಗಳು ಬಿಟ್ಟು ಇನ್ನೊಮ್ಮೆ ಕೊಯ್ದೆವು. ಅಷ್ಟೇ. ಮಿಷನ್ನಿಗೆ ಸುರಿದದ್ದರ ಕಾಲು ಭಾಗವೂ ಖರ್ಚಾಗಲಿಲ್ಲ.

ಆದರೆ ಹಕ್ಕಿಗಳು ಗೂಡು ಕಟ್ಟುವುದೂ ಅದೇ ಸಮಯಕ್ಕೆ. ಗುಳುಮುಳುಕ ಅನ್ನುವ ಪುಟ್ಟ ನೀರುಹಕ್ಕಿಯ ಗೂಡು ತೇಲುತ್ತಿರುತ್ತದೆ, ಕೊಳೆತ ಸೊಪ್ಪಿನ ಗುಡ್ಡೆ ಅಂತ ಎಳೆದು ಬಿಸಾಡಿಬಿಡುತ್ತೇವೆ. ಹಿಂದಿನ ದಿನವೇ ನಡೆದು ನೋಡಿ, ಗೂಡಿದ್ದ ಕಡೆ ಕೋಲು ನೆಟ್ಟು, ಅಷ್ಟು ಜಾಗ ಬಿಟ್ಟೆವು. ಮೂರರಲ್ಲಿ ಒಂದು ಪಾಲು ಜೊಂಡು ಇರಲೇಬೇಕು, ಅದರಲ್ಲಿ ನಾನು ರಾಜಿ ಆಗುವುದಿಲ್ಲ.

ಅಂತರಗಂಗೆಗೆ ಬಿದಿರಿನ ತೇಲುಬೇಲಿ ಹಾಕಿದೆವು. ಗಾಳಿಯೇ ಅದನ್ನು ಒಂದು ಮೂಲೆಗೆ ತಂದು ಕೊಡುತ್ತದೆ. ಬೇಲಿಯ ಹಗ್ಗವನ್ನು ಎಲ್ಲಿ, ಯಾವ ಓರೆಗೆ ಕಟ್ಟುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಅಂತರಗಂಗೆಯ ಬೀಜ ಕೆಸರಿನಲ್ಲಿ 15-20 ವರ್ಷ ಬದುಕಿರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಸುತ್ತು ಹಾಕಲೇಬೇಕು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕೊಯ್ದ ಜೊಂಡನ್ನು ದಡದಲ್ಲಿ ಲಂಟಾನ ಪೊದೆ ಕಿತ್ತ ಜಾಗದಲ್ಲಿ ಕೆಲವು ಕಡೆ ಅರ್ಧ ಅಡಿ, ಕೆಲವು ಕಡೆ ಒಂದು ಅಡಿ ದಪ್ಪ ಹಾಸಿದೆ. ಅರ್ಧ ಅಡಿ ಹಾಸಿದ ಕಡೆ ಲಂಟಾನ ಸಸಿ ತೂರಿ ಬಂತು, ಒಂದು ಅಡಿ ಇದ್ದಲ್ಲಿ ಬರಲಿಲ್ಲ.

ಮೊದಲ ವರ್ಷ ದುಡ್ಡು ಕೊಟ್ಟು ತಂದು ನೆಟ್ಟ 300 ಸಸಿಗಳಲ್ಲಿ 40 ಉಳಿದಿರಬಹುದು. ಈಗ ಬಿಸಿಲು ಬಿದ್ದ ದಡದ ಕೆಸರಿನಿಂದ ಜೇಕಿನ ಹುಲ್ಲು ತಾನಾಗಿ ಎದ್ದಿದೆ, ಒಂದು ಕಡೆ ನೈದಿಲೆಯೂ ಬಂದಿದೆ. ನಾವು ನೆಟ್ಟದ್ದಲ್ಲ. ಹೋದ ವಾರ ನಾಮಕೋಳಿ ಅನ್ನುವ ನೀರುಹಕ್ಕಿಯ ಮರಿಗಳನ್ನು ಎಣಿಸಿದೆ, 7 ಇದ್ದವು. ತೂಬಿನ ಹತ್ತಿರ ಇನ್ನೂ ಅರ್ಧ ಎಕರೆ ಜೊಂಡು ಬಾಕಿ ಇದೆ. ತೆನೆ ಹೊರಡಲಿ ಅಂತ ಕಾಯುತ್ತಿದ್ದೇನೆ.