ಹಳೇ ಉಡುಗೊರೆ ಕತ್ತಿ ಯಾರದ್ದು ಅಂತ ಹುಡುಕೋದು ಹೇಗೆ?

ಪುಣೆಯ ಜೂನಾ ಬಜಾರಲ್ಲೋ ಅಜ್ಜನ ಟ್ರಂಕಿನಲ್ಲೋ ಬ್ರಿಟಿಷ್ ಅಧಿಕಾರಿಯ ಕತ್ತಿ ಸಿಕ್ಕಿತಾ? ಮೊದಲು ಪಾಲಿಶ್ ಹಚ್ಚಿ ಉಜ್ಜಬೇಡಿ. ಅಲಗಿನ ಮೇಲಿನ ತೆಳು ಬರಹವೇ ಅದರ ಜಾತಕ, ಅಲ್ವಾ? ಟಾರ್ಚನ್ನು ಓರೆಯಾಗಿ ಹಿಡಿದರೆ ಯಾರಿಗೆ, ಯಾರು, ಯಾವ ವರ್ಷ ಕೊಟ್ಟರು ಅನ್ನೋದು ಉಡುಗೊರೆ ಕತ್ತಿಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಅದು ಅಳಿಸಿದ್ದರೆ ರಾಜಮುದ್ರೆ ನೋಡಿ. ‘ವಿ ಆರ್’ ಅಂತಿದ್ದರೆ ವಿಕ್ಟೋರಿಯಾ ಕಾಲ, 1837ರಿಂದ 1901. ಲಂಡನ್ನಿನ ಕತ್ತಿ ತಯಾರಕರಾದ ವಿಲ್ಕಿನ್ಸನ್ ಕಂಪನಿಯ ಕತ್ತಿಯಾದರೆ ಅಲಗಿನ ಬೆನ್ನ ಮೇಲೂ ಕಣ್ಣಾಡಿಸಿ, ಕಂಪನಿಯ ಸೀರಿಯಲ್ ನಂಬರ್ ಇರಬಹುದು. ಅಧಿಕಾರಿಯ ಹೆಸರು ಸಿಕ್ಕರೆ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನ ಹಳೇ ಸಂಚಿಕೆಗಳಲ್ಲಿ ಅವರ ನೇಮಕ, ಬಡ್ತಿ ಹುಡುಕಿ, ಆನ್‌ಲೈನಲ್ಲಿ ಪುಕ್ಕಟೆ.

ಮಳೆಗಾಲದಲ್ಲಿ ಚರ್ಮದ ಒರೆಯಿಂದ ಹೊರಗೆ ತೆಗೆದಿಡಿ, ಚರ್ಮ ತೇವ ಹಿಡಿಯುತ್ತದೆ. 100 ವರ್ಷ ದಾಟಿದ ಕತ್ತಿಯನ್ನು ವಿದೇಶದ ನೆಂಟರಿಗೆ ಸುಮ್ನೆ ಕಳಿಸುವ ಹಾಗಿಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ.