ಅಪ್ಪ, ಅಮ್ಮ, ಮಗಳು ಮತ್ತು ರೇಗನ್ಸ್‌ಬುರ್ಗ್

ಬೇಸಿಗೆಯಲ್ಲಿ ಮ್ಯೂನಿಕ್‌ಗೆ ಅಪ್ಪ ಅಮ್ಮ ಬಂದರು ಅಂದರೆ ಊರಿನ ಫೋನುಗಳು ಶುರುವಾಗುತ್ತವೆ. "ಪ್ಯಾರಿಸ್ ನೋಡಿದ್ರಾ? ಸ್ವಿಸ್‌ಗೆ ಹೋದ್ರಾ?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ನಮ್ಮನೆಯಲ್ಲೂ ಅಂಥದ್ದೊಂದು ಪಟ್ಟಿ ತಯಾರಾಗಿತ್ತು. ನಾನು ಅದನ್ನು ಪಕ್ಕಕ್ಕಿಟ್ಟೆ. ಅಮ್ಮನಿಗೆ ಮಂಡಿನೋವು. ಮಗಳಿಗೆ ಏಳು ವರ್ಷ, ಸಾಲಿನಲ್ಲಿ ನಿಲ್ಲುವ ತಾಳ್ಮೆ ಇಲ್ಲ. ಅಪ್ಪ ಶಿವಮೊಗ್ಗ ಕಡೆ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಯಾವ ಊರಿಗೆ ಹೋದರೂ ಅವರಿಗೆ ಮೊದಲು ನದಿ ಎಲ್ಲಿದೆ ಅಂತ ಗೊತ್ತಾಗಬೇಕು.

ಹಾಗಾಗಿ ಹುಡುಕಿದ್ದು ರೈಲಿಳಿದು ಕಾಲ್ನಡಿಗೆಯಲ್ಲೇ ನೋಡಬಹುದಾದ ಊರನ್ನು. ಮ್ಯೂನಿಕ್‌ನಲ್ಲಿ ಹಳೆಯದು ಅಂತ ತೋರಿಸುವ ಎಷ್ಟೋ ಕಟ್ಟಡಗಳು ಎರಡನೇ ಮಹಾಯುದ್ಧದ ಬಾಂಬಿಗೆ ಬಿದ್ದು ಮತ್ತೆ ಎದ್ದವು. ರೇಗನ್ಸ್‌ಬುರ್ಗ್‌ನ ಹಳೇ ಪೇಟೆ ಹೆಚ್ಚು ಪೆಟ್ಟು ತಿನ್ನದೆ ಉಳಿಯಿತು. 2006ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರ ಅಂಚಿನಲ್ಲೇ ಡ್ಯಾನ್ಯೂಬ್ ನದಿ. ಮ್ಯೂನಿಕ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಒಂದು ವಾರಾಂತ್ಯಕ್ಕೆ ಇಷ್ಟು ಸಾಕಲ್ವಾ?

ಟಿಕೆಟ್ ವಿಷಯ ಸುಲಭ. 'ಬಯರ್ನ್ ಟಿಕೆಟ್' ಅಂತ ಒಂದಿದೆ. ಐದು ಜನರವರೆಗೆ ಒಂದೇ ಟಿಕೆಟ್, ಈ ಎರಡೂ ಊರು ಇರುವ ಜರ್ಮನಿಯ ಬವೇರಿಯಾ ರಾಜ್ಯದಲ್ಲೆಲ್ಲ ಒಂದು ದಿನ ಓಡಾಡಬಹುದು. ನಾವು ಸರಿಯಾಗಿ ಐದು ಜನ. ಪ್ರಾದೇಶಿಕ ರೈಲುಗಳಲ್ಲಿ ಮಾತ್ರ ನಡೆಯುತ್ತದೆ, ವೇಗದ ಐಸಿಇ ಹತ್ತುವ ಹಾಗಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಚಾಲ್ತಿ. ಶನಿವಾರ ಭಾನುವಾರ ಆ ಕಟ್ಟುಪಾಡಿಲ್ಲ, ಅದಕ್ಕೇ ಶನಿವಾರ ಬೆಳಿಗ್ಗೆ ಬೇಗ ಹೊರಟೆವು. ಟಿಕೆಟ್ ಮೇಲೆ ಪ್ರಯಾಣಿಕರ ಹೆಸರು ಬರೆಯಬೇಕು. ವಾಪಸ್ ಬರುವ ದಿನಕ್ಕೆ ಇನ್ನೊಂದು ಟಿಕೆಟ್ ತೆಗೆದುಕೊಂಡೆವು. ಊರೊಳಗಿನ ಬಸ್ಸಿಗೂ ಅದೇ ಆಗುತ್ತದೆ.

ಉಳಿಯಲು ಹೋಟೆಲ್ ಬದಲು ಅಡುಗೆಮನೆ ಇರುವ ಸಣ್ಣ ಫ್ಲ್ಯಾಟ್ ಹಿಡಿದೆವು. ಹಳೇ ಪೇಟೆಯ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಮೆಟ್ಟಿಲುಗಳೋ ಕಡಿದಾದ ಮರದವು. ಫೋಟೋದಲ್ಲಿ ತೊಲೆಗಳು ಚೆನ್ನಾಗಿ ಕಾಣುತ್ತವೆ ಅಂತ ಮೂರನೇ ಮಹಡಿ ಬುಕ್ ಮಾಡಿದರೆ ಅಮ್ಮನ ಗತಿ ಏನು? ನೆಲಮಹಡಿಯೇ ಬೇಕು ಅಂತ ಮೊದಲೇ ಬರೆದು ಕೇಳಿ ಖಚಿತ ಮಾಡಿಕೊಂಡೆ. ಸ್ಟೇಷನ್‌ನಿಂದ ಹಳೇ ಪೇಟೆಗೆ ನಡೆದರೆ ಕಾಲು ಗಂಟೆ. ಒಳಗಿನ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ, ಚಕ್ರದ ಸೂಟ್‌ಕೇಸ್ ಅದರ ಮೇಲೆ ಕುಣಿಯುತ್ತದೆ. ಹೆಗಲಿಗೆ ಹಾಕುವ ಬ್ಯಾಗ್ ಒಳ್ಳೆಯದು. ಅಮ್ಮನಿಗೆ ಸೀರೆ ಜೊತೆ ಸ್ಪೋರ್ಟ್ಸ್ ಶೂ ಹಾಕಿಸಿದ್ದೆ. ಮೊದಲು ಮುಖ ಸಿಂಡರಿಸಿದರು, ಆಮೇಲೆ ಬಿಚ್ಚಲೇ ಇಲ್ಲ.

ಊಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ದೊಡ್ಡ ಚಿಂತೆ ಇದೇ. ರೇಗನ್ಸ್‌ಬುರ್ಗ್‌ನ ಹೆಸರಾಂತ ತಿಂಡಿ ಸಾಸೇಜು. ಡ್ಯಾನ್ಯೂಬ್ ಮೇಲಿನ ಹಳೇ ಕಲ್ಲಿನ ಸೇತುವೆಯ ಪಕ್ಕದಲ್ಲೇ ಶತಮಾನಗಳಿಂದ ನಡೆಯುತ್ತಿರುವ ಸಾಸೇಜಿನ ಪುಟ್ಟ ಅಡುಗೆಮನೆ ಇದೆ. ಇದ್ದಿಲ ಮೇಲೆ ಸುಡುವ ಹೊಗೆ ದೂರದಿಂದಲೇ ಮೂಗಿಗೆ ಬಡಿಯುತ್ತದೆ. ನನ್ನ ಗಂಡ ಅಲ್ಲಿ ತಿಂದು ಬಂದರು, ಅಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಇಲ್ಲಿ ಸಸ್ಯಾಹಾರಿ ಅಂತ ಕೊಡುವ ಶ್ಪೆಟ್ಸ್ಲೆ ಅನ್ನುವ ನೂಡಲ್ಸ್‌ನಂಥ ತಿನಿಸಿನ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಬವೇರಿಯಾದ ಆಲೂಗಡ್ಡೆ ಸಲಾಡ್‌ಗೆ ಎಷ್ಟೋ ಕಡೆ ಮಾಂಸದ ರಸ ಸುರಿಯುತ್ತಾರೆ, ನೋಡಿದರೆ ಗೊತ್ತೇ ಆಗುವುದಿಲ್ಲ. ಕೇಳಲೇಬೇಕು. ನಾವು ಮನೆಯಿಂದ ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ಫ್ಲ್ಯಾಟಿನಲ್ಲಿ ಅನ್ನ ಮಾಡಿ ಗೊಜ್ಜು ಕಲಸಿದರೆ ಮುಗಿಯಿತು. ಒಗ್ಗರಣೆ ಹಾಕುವುದಾದರೆ ಮೊದಲು ಕಿಟಕಿ ತೆಗೆಯಿರಿ. ಬಾಡಿಗೆ ಮನೆಗಳಲ್ಲಿ ಹೊಗೆ ಅಲಾರಂ ಇರುತ್ತದೆ, ಒಣಮೆಣಸಿನಕಾಯಿ ಘಾಟು ಅದಕ್ಕೆ ಅಭ್ಯಾಸವಿಲ್ಲ. ಹಾಲು, ಮೊಸರು, ತರಕಾರಿಯನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಅಂಗಡಿಗಳು ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಇಲ್ಲ.

ಮನೆಗೆ ಬ್ಯಾಗ್ ಹಾಕಿದ ಕೂಡಲೇ ನಾವು ಹೋಗಿದ್ದು ಕಲ್ಲಿನ ಸೇತುವೆಗೆ. ಅದರ ಹೆಸರೇ ಅಷ್ಟು, ಕಲ್ಲಿನ ಸೇತುವೆ. 1135ರಲ್ಲಿ ಶುರುಮಾಡಿ 1146ರ ಹೊತ್ತಿಗೆ ಮುಗಿಸಿದರು. ಉದ್ದ 300 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೂಲದಲ್ಲಿ 16 ಕಮಾನುಗಳಿದ್ದವು. ಎರಡನೇ ಧರ್ಮಯುದ್ಧಕ್ಕೆ (ಕ್ರುಸೇಡ್) ಹೊರಟ ದಂಡು 1147ರಲ್ಲಿ ಈ ಊರಿನಿಂದಲೇ ಡ್ಯಾನ್ಯೂಬ್ ಗುಂಟ ಮುಂದೆ ಹೋಯಿತು. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಜರ್ಮನ್ ಸೇನೆಯೇ ಸೇತುವೆಯ ಒಂದಷ್ಟು ಭಾಗ ಸ್ಫೋಟಿಸಿತು, ಅಮೆರಿಕನ್ನರು ದಾಟಬಾರದು ಅಂತ. ಕಲ್ಲಿನಲ್ಲೇ ಅದನ್ನು ಸರಿಮಾಡಿ ಮುಗಿಸಿದ್ದು 1967ರಲ್ಲಿ. ಈಗ ವಾಹನಗಳಿಲ್ಲ, ನಡೆಯುವವರು ಮತ್ತು ಸೈಕಲ್ಲಿನವರು ಮಾತ್ರ. ಮಗಳ ಕೈ ಬಿಟ್ಟು ನಡೆಯಬಹುದು, ಆದರೆ ಸೈಕಲ್ಲುಗಳ ಮೇಲೆ ಒಂದು ಕಣ್ಣಿರಲಿ.

ಅಪ್ಪ ಸೇತುವೆ ದಾಟಲಿಲ್ಲ. ನಡುವೆ ನಿಂತು ಕೆಳಗೆ ಬಗ್ಗಿ ನೋಡುತ್ತಲೇ ಇದ್ದರು. ನೀರು ಅಲ್ಲಿ ಸುಮ್ನೆ ಹರಿಯುವುದಿಲ್ಲ. ಕಮಾನಿನ ಕೆಳಗೆ ನುಗ್ಗಿ, ಆಚೆ ಬದಿಗೆ ಸುಳಿಸುಳಿಯಾಗಿ ತಿರುಗುತ್ತದೆ.

"ನೋಡು ಪುಟ್ಟಿ, ಕಂಬಗಳೇ ಎಷ್ಟು ದಪ್ಪ ಇವೆ. ಅದರ ಸುತ್ತ ಮತ್ತೆ ದ್ವೀಪದ ಹಾಗೆ ಕಲ್ಲು ಕಟ್ಟಿದಾರೆ, ಬುಡ ಕೊರೀಬಾರದು ಅಂತ. ನೀರಿಗೆ ಜಾಗ ಎಲ್ಲಿ ಉಳೀತು? ಇದು ಸೇತುವೆ ಅಲ್ಲ ಕಣೆ, ಅರ್ಧ ಅಣೆಕಟ್ಟು."

ಆ ಮಾತು ಪೂರ್ತಿ ನಿಜ. ನೀರು ಸೇತುವೆಯ ಮೇಲ್ಬದಿಯಲ್ಲಿ ಒತ್ತರಿಸಿ ನಿಂತು, ಕಿರಿದಾದ ಸಂದಿಗಳಲ್ಲಿ ಜೋರಾಗಿ ಇಳಿಯುತ್ತದೆ. ಹಿಂದೆ ಆ ರಭಸವನ್ನೇ ಹಿಡಿದು ಇಲ್ಲಿ ಗಿರಣಿಗಳನ್ನು ನಡೆಸುತ್ತಿದ್ದರು. ದೊಡ್ಡ ಹಡಗುಗಳು ಇವತ್ತಿಗೂ ಈ ಕಮಾನುಗಳ ಕೆಳಗೆ ಹೋಗುವುದಿಲ್ಲ. ಅವಕ್ಕೆ ಪಕ್ಕದಲ್ಲೇ ಬೇರೆ ಕಾಲುವೆ, ನೀರಿನ ಮಟ್ಟ ಏರಿಸಿ ಇಳಿಸಿ ಹಡಗು ದಾಟಿಸುವ ಲಾಕ್ ಗೇಟ್ ಇದೆ. ಕಾಲುವೆ, ಗೇಟು ಅಂತ ಕೇಳಿದ ಮೇಲೆ ಅಪ್ಪನನ್ನು ತಡೆಯುವವರು ಯಾರು? ಅಜ್ಜ ಮೊಮ್ಮಗಳು ಇಬ್ಬರೂ ಆ ಕಡೆ ನಡೆದೇ ಬಿಟ್ಟರು.

ಸೇತುವೆಯ ಮೇಲೆ ಹಣೆಗೆ ಕೈ ಅಡ್ಡ ಹಿಡಿದು ಚರ್ಚಿನ ಕಡೆ ನೋಡುವ ಪುಟ್ಟ ಕಲ್ಲಿನ ಮನುಷ್ಯ ಇದ್ದಾನೆ. ಅವನ ಸುತ್ತ ಒಂದು ಕಥೆ. ಸೇತುವೆಯ ಮೇಸ್ತ್ರಿಗೂ ದೊಡ್ಡ ಚರ್ಚಿನ ಮೇಸ್ತ್ರಿಗೂ ಯಾರು ಮೊದಲು ಮುಗಿಸುತ್ತಾರೆ ಅಂತ ಪಂದ್ಯ ಬಿತ್ತು. ಸೇತುವೆಯವನು ಸೈತಾನನ ಸಹಾಯ ಕೇಳಿದ. ಮೊದಲು ದಾಟುವ ಮೂರು ಜೀವ ನನ್ನದು ಅಂದ ಸೈತಾನ. ಸೇತುವೆ ಮುಗಿದಾಗ ಮೇಸ್ತ್ರಿ ಜಾಣತನ ಮಾಡಿ ಒಂದು ಹುಂಜ, ಒಂದು ಕೋಳಿ, ಒಂದು ನಾಯಿಯನ್ನು ಅಟ್ಟಿದ. ಮಗಳಿಗೆ ನಾಯಿಯ ಬಗ್ಗೆ ತುಂಬಾ ಬೇಜಾರಾಯಿತು. ಅಪ್ಪನ ತಕರಾರು ಬೇರೆ. ಈಗಿನ ಚರ್ಚಿನ ಕೆಲಸ ಶುರುವಾಗಿದ್ದೇ 1270ರ ದಶಕದಲ್ಲಿ, ಆಗ ಸೇತುವೆಗೆ ನೂರು ವರ್ಷ ದಾಟಿತ್ತು. ಪಂದ್ಯ ಎಲ್ಲಿಂದ ಬಂತು?

ಸೇತುವೆ ದಾಟಿದರೆ ಸ್ಟಾಟ್‌ಅಮ್‌ಹೋಫ್. ಈಗ ಇದೇ ಊರಿನ ಒಂದು ಬಡಾವಣೆ, ಒಳ್ಳೆಯ ಐಸ್‌ಕ್ರೀಂ ಸಿಗುತ್ತದೆ. ಆದರೆ ಶತಮಾನಗಳ ಕಾಲ ಇದು ಪರದೇಶ. ರೇಗನ್ಸ್‌ಬುರ್ಗ್ ಯಾವ ದೊರೆಗೂ ಸೇರದೆ, ಜರ್ಮನ್ ನಾಡುಗಳೆಲ್ಲ ಸೇರಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಕೆಳಗೆ ನೇರವಾಗಿದ್ದ ಸ್ವತಂತ್ರ ನಗರ, ಆಚೆ ದಡ ಬವೇರಿಯಾದ್ದು. ರೇಗನ್ಸ್‌ಬುರ್ಗ್ ಬವೇರಿಯಾ ಪಾಲಾಗಿದ್ದು 1810ರಲ್ಲಿ, ಈ ದಡ ನಗರಕ್ಕೆ ಸೇರಿದ್ದು 1924ರಲ್ಲಿ. ಮಗಳು ಸೇತುವೆಯ ತುದಿಯಲ್ಲಿ ನಿಂತು ಎಲ್ಲರ ಪಾಸ್‌ಪೋರ್ಟ್ ಕೇಳುವ ಆಟ ಶುರುಮಾಡಿದಳು. ಅಮ್ಮ ಲಂಚವಾಗಿ ಐಸ್‌ಕ್ರೀಂ ಕೊಡಿಸಿ ಪಾರಾದರು.

ಮಧ್ಯಾಹ್ನ ಊಟ ಮಾಡಿ ಎಲ್ಲರೂ ಮಲಗಿದೆವು. ಪ್ರವಾಸದಲ್ಲಿ ಮಲಗುವುದಾ ಅಂತ ನನ್ನ ಗಂಡ ಗೊಣಗಿದರು, ಮೊದಲು ಗೊರಕೆ ಹೊಡೆದವರೂ ಅವರೇ. ಜೂನ್‌ನಲ್ಲಿ ಇಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಹಾಗಾಗಿ ಮಧ್ಯಾಹ್ನದ ನಿದ್ದೆಯಿಂದ ಏನೂ ಕಳೆದುಕೊಳ್ಳುವುದಿಲ್ಲ.

ಸಂಜೆ ಸುಮ್ನೆ ಬೀದಿ ಸುತ್ತಿದೆವು. ಒಂದು ಕಟ್ಟಡದ ಗೋಡೆಯಲ್ಲಿ ದೊಡ್ಡ ದೊಡ್ಡ ಕಲ್ಲುಗಳ ಕಮಾನು ಸೇರಿಕೊಂಡಿದೆ. ಅದು ರೋಮನ್ ಕೋಟೆಯ ಬಾಗಿಲು. ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕಾಲದಲ್ಲಿ, ಕ್ರಿ.ಶ. 179ರಲ್ಲಿ ಮುಗಿದ ಕೋಟೆ. ಯಾರೂ ಟಿಕೆಟ್ ಕೇಳುವುದಿಲ್ಲ, ಹೋಗಿ ಕಲ್ಲು ಮುಟ್ಟಬಹುದು. ಅಲ್ಲಿಂದ ಸ್ವಲ್ಪ ದೂರದಲ್ಲಿ ಗಣಿತಜ್ಞ, ಖಗೋಳ ವಿಜ್ಞಾನಿ ಕೆಪ್ಲರ್ 1630ರ ನವೆಂಬರ್ 15ರಂದು ತೀರಿಕೊಂಡ ಮನೆ. ಗ್ರಹಗಳ ಚಲನೆಯ ನಿಯಮ ಹೇಳಿದ ಕೆಪ್ಲರ್ ಈ ಊರಿಗೆ ಬಂದಿದ್ದು ಯಾಕೆ ಗೊತ್ತಾ? ಪವಿತ್ರ ರೋಮನ್ ಚಕ್ರವರ್ತಿಯಿಂದ ಬರಬೇಕಿದ್ದ ಸಂಬಳದ ಬಾಕಿ ವಸೂಲಿಗೆ. ಜ್ವರ ಬಂದು ಇಲ್ಲೇ ಹೋದ. ಇದನ್ನು ಹೇಳಿದಾಗ ಅಪ್ಪ ಮನೆಯ ಮುಂದೆ ಒಂದು ನಿಮಿಷ ನಿಂತು, "ಅರಿಯರ್ಸ್ ಅಂದ್ರೆ ಎಲ್ಲಾ ಕಾಲದಲ್ಲೂ ಇಷ್ಟೇ ಬಿಡು" ಅಂದರು.

ನಾಯ್‌ಫಾರ್‌ಪ್ಲಾಟ್ಸ್ ಚೌಕದಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದ ಬಿಳಿ ಕಾಂಕ್ರೀಟಿನ ರಚನೆ ಇದೆ. ಮಕ್ಕಳು ಹತ್ತಿ ಕುಣಿಯುತ್ತಿರುತ್ತಾರೆ. ನಮ್ಮವಳೂ ಹತ್ತಿದಳು. ಅದು ಇಲ್ಲಿದ್ದ ಯಹೂದಿ ಪ್ರಾರ್ಥನಾ ಮಂದಿರದ ನಕ್ಷೆ. 1519ರಲ್ಲಿ ಊರಿನವರು ಯಹೂದಿಗಳನ್ನು ಓಡಿಸಿ, ಅವರ ಕೇರಿಯನ್ನೂ ಮಂದಿರವನ್ನೂ ಕೆಡವಿದರು. ಇಸ್ರೇಲಿನ ಕಲಾವಿದ ಡಾನಿ ಕರವಾನ್ ಇದನ್ನು ಜನ ಬಂದು ಕೂರಲಿ ಅಂತಲೇ ಮಾಡಿದ್ದು. ಮಗಳಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿದೆ. "ಅವರು ವಾಪಸ್ ಬಂದ್ರಾ?" ಅಂತ ಕೇಳಿದಳು. ಬಹಳ ಕಾಲದ ಮೇಲೆ ಬಂದರು, ಆಮೇಲೆ ಮತ್ತೆ ಕಷ್ಟ ಬಂತು ಅಂದೆ. ಇಪ್ಪತ್ತನೇ ಶತಮಾನದ ಕಥೆಗೆ ಅವಳು ಇನ್ನೂ ಸ್ವಲ್ಪ ದೊಡ್ಡವಳಾಗಲಿ.

ಭಾನುವಾರ ನಾವು ಎರಡು ಗುಂಪಾದೆವು. ಇದು ಬೇಕೆಂದೇ ಮಾಡಿದ್ದು. ಐವರೂ ಎಲ್ಲವನ್ನೂ ನೋಡಲೇಬೇಕು ಅಂತ ಹಟ ಹಿಡಿದರೆ ಯಾರಾದರೂ ಒಬ್ಬರು ಸದಾ ಯಾರಿಗಾದರೂ ಕಾಯುತ್ತಾ ಕೂರಬೇಕಾಗುತ್ತದೆ. ಅಪ್ಪ, ಮಗಳು, ನಾನು ದೋಣಿಯಲ್ಲಿ ಗುಡ್ಡದ ಮೇಲಿನ ವಾಲ್ಹಲ್ಲಾ ಮಂಟಪಕ್ಕೆ. ಅಮ್ಮ ಮತ್ತು ಅಳಿಯ ಸೇತುವೆಯ ಕಥೆಯಲ್ಲಿ ಬಂದ ದೊಡ್ಡ ಚರ್ಚಿಗೆ, ಅಂದರೆ ಸೇಂಟ್ ಪೀಟರ್‌ಗೆ.

ಅಮ್ಮ ದೇವರನಾಮ ಹೇಳುವವರು. ಈ ಚರ್ಚಿನ ಗಾಯಕ ಬಾಲಕರ ತಂಡಕ್ಕೆ ಸಾವಿರ ವರ್ಷದ ಇತಿಹಾಸ, 975ರಿಂದ ಲೆಕ್ಕ ಹಾಕುತ್ತಾರೆ. ಶಾಲೆಯ ರಜೆ ಇಲ್ಲದಿದ್ದರೆ ಭಾನುವಾರ ಬೆಳಗಿನ ಪೂಜೆಗೆ ಅವರ ಹಾಡು ಇರುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೆ ಅದು ಕಚೇರಿಯಲ್ಲ, ಪೂಜೆ. ಫೋಟೋ, ಓಡಾಟ ಬೇಡ. ಬೇಗ ಹೋದರೆ ಕೂರಲು ಜಾಗ ಸಿಗುತ್ತದೆ. ಅಮ್ಮನಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಕೊನೆಯವರೆಗೂ ಕೂತಿದ್ದರಂತೆ. "ಶ್ರುತಿ ಒಂಚೂರೂ ಅಲ್ಲಾಡಲಿಲ್ಲ ಕಣೆ ಆ ಹುಡುಗರದ್ದು" ಅಂತ ಸಂಜೆವರೆಗೂ ಹೇಳಿದರು. ಬಣ್ಣದ ಗಾಜಿನ ಕಿಟಕಿಗಳಲ್ಲಿ ಹೆಚ್ಚಿನವು ಮಧ್ಯಯುಗದವೇ. ಗೋಪುರಗಳ ಎತ್ತರ 105 ಮೀಟರ್, ಅವು ಪೂರ್ತಿಯಾಗಿದ್ದು ಮಾತ್ರ 1869ರಲ್ಲಿ.

ವಾಲ್ಹಲ್ಲಾಕ್ಕೆ ದೋಣಿ ಬೇಸಿಗೆಯ ತಿಂಗಳುಗಳಲ್ಲಿ ಓಡುತ್ತದೆ, ಚಳಿಗಾಲದಲ್ಲಿ ಬಸ್ಸೇ ಗತಿ. ಬವೇರಿಯಾದ ದೊರೆ ಒಂದನೇ ಲುಡ್ವಿಗ್ ಗುಡ್ಡದ ಮೇಲೆ ಗ್ರೀಕರ ಪಾರ್ಥೆನಾನ್ ಮಾದರಿಯಲ್ಲಿ ಕಟ್ಟಿಸಿದ ಬಿಳಿ ಮಂಟಪ ಅದು, 1842ರಲ್ಲಿ ಮುಗಿಯಿತು. ನದಿಯ ಕಡೆಯಿಂದ ಹತ್ತಿದರೆ 358 ಮೆಟ್ಟಿಲು. ಒಳಗೆ ಜರ್ಮನ್ ನುಡಿಯ ದೊಡ್ಡವರ ತಲೆ ಪ್ರತಿಮೆಗಳು. ನನಗೆ ಆ ಸಾಲು ಸಾಲು ಮುಖಗಳು ಬೇಗ ಬೇಸರ ತರಿಸಿದವು. ಕೆಪ್ಲರ್ ಇದ್ದಾನೆ ಅಂತ ಅಪ್ಪ ಹುಡುಕಿ ಹಿಡಿದರು. ಐನ್‌ಸ್ಟೈನ್ ಒಳಗೆ ಬಂದಿದ್ದು 1990ರಲ್ಲಷ್ಟೇ. ಹೊರಗಿನ ಮೆಟ್ಟಿಲ ಮೇಲೆ ಕೂತು ಡ್ಯಾನ್ಯೂಬ್ ಬಯಲಲ್ಲಿ ಸಾಗುವುದನ್ನು ನೋಡುವುದೇ ಅಲ್ಲಿಯ ನಿಜವಾದ ಸುಖ. ಅಲ್ಲೇ ಅವಲಕ್ಕಿ ಡಬ್ಬಿ ತೆಗೆದೆವು. ಒಂದು ಎಚ್ಚರಿಕೆ: ಮೆಟ್ಟಿಲ ಕಟ್ಟೆಗಳಿಗೆ ಕಂಬಿ ಇಲ್ಲ. ಮಕ್ಕಳ ಕೈ ಇಲ್ಲಿ ಬಿಡಬೇಡಿ.

ಹಳೇ ಪುರಸಭೆ ಕಟ್ಟಡ ಬಿಟ್ಟೆವು. ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ 1663ರಿಂದ 1806ರವರೆಗೆ ಸತತವಾಗಿ ನಡೆದ ಜಾಗ ಅದು, ಇತಿಹಾಸದ ಹುಚ್ಚಿದ್ದವರು ಬಿಡಬಾರದು. ಆದರೆ ಗೈಡ್ ಜೊತೆಗೇ ಒಳಗೆ ಹೋಗಬೇಕು, ಅದೇ ಸುತ್ತಿನಲ್ಲಿ ಚಿತ್ರಹಿಂಸೆಯ ಕೋಣೆಯನ್ನೂ ತೋರಿಸುತ್ತಾರೆ. ಏಳು ವರ್ಷದವಳಿಗೆ ಅದು ಬೇಡ ಅನ್ನಿಸಿತು.

ನಿಮ್ಮ ಹತ್ತಿರ ಒಂದೇ ದಿನ ಇದ್ದರೆ ವಾಲ್ಹಲ್ಲಾ ಬಿಡಿ, ಸೇತುವೆ ಬಳಿಯಿಂದ ಹೊರಡುವ ಚಿಕ್ಕ ದೋಣಿ ಸುತ್ತು ಸಾಕು. ಸೋಮವಾರ ಹೋಗಬೇಡಿ, ಮ್ಯೂಸಿಯಂಗಳು ಮುಚ್ಚಿರುತ್ತವೆ. ಶೌಚಾಲಯಕ್ಕೆ ಚಿಲ್ಲರೆ ಜೇಬಿನಲ್ಲಿರಲಿ. ಭಾನುವಾರ ಸಂಜೆಯ ರೈಲಿನಲ್ಲಿ ಜನ ಜಾಸ್ತಿ, ಹಿರಿಯರಿಗೆ ಸೀಟು ಬೇಕಾದರೆ ನಾಲ್ಕು ಗಂಟೆಗೆ ಮುಂಚಿನದನ್ನು ಹಿಡಿಯಿರಿ. ನಾವು ಹಾಗೇ ಮಾಡಿದೆವು. ರೈಲು ಹೊರಡುವ ಮೊದಲೇ ಅಪ್ಪ ನನ್ನ ಫೋನ್ ತೆಗೆದುಕೊಂಡು ನಕ್ಷೆಯಲ್ಲಿ ಡ್ಯಾನ್ಯೂಬ್ ಹಿಡಿದು ಪೂರ್ವಕ್ಕೆ ಹೋಗಿ ಪಸ್ಸೌ ಹತ್ತಿರ ನಿಂತಿದ್ದರು. ಅಲ್ಲಿ ಮೂರು ನದಿ ಸೇರುತ್ತವೆ. ಬಯರ್ನ್ ಟಿಕೆಟ್ ಅಲ್ಲಿಗೂ ನಡೆಯುತ್ತಾ ಅಂತ ಕೇಳಿದರು. ನಡೆಯುತ್ತದೆ.