ತನಿ ಆವರ್ತನ: ಖಂಜಿರದವನ ಜಾಗದಿಂದ ಕೇಳಿದ್ದು

ನಾನು ಖಂಜಿರ ನುಡಿಸುತ್ತೇನೆ, ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ಚರ್ಮವಾದ್ಯ. ಕರ್ನಾಟಕ ಸಂಗೀತ ಕಚೇರಿಯಲ್ಲಿ ನನ್ನದು ಉಪಪಕ್ಕವಾದ್ಯದ ಜಾಗ. ಪಿಟೀಲು, ಮೃದಂಗ ಮೊದಲು, ಆಮೇಲೆ ನಾನು, ಘಟ, ಬಾಯಲ್ಲಿ ಹಿಡಿದು ಮೀಟುವ ಮೋರ್ಸಿಂಗ್. ಈ ಜಾಗದಲ್ಲಿ ಕೂತವನಿಗೆ ನುಡಿಸುವುದಕ್ಕಿಂತ ಕೇಳುವ ಕೆಲಸವೇ ಜಾಸ್ತಿ. ಹಾಗೆ ಕೇಳಿ ಕೇಳಿ ನನಗೆ ಹಿಡಿತಕ್ಕೆ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಪ್ರಧಾನ ಕೃತಿ ಮುಗಿದು ತನಿ, ಅಂದರೆ ಲಯವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಕಾಫಿಗೆ ಏಳುವವರನ್ನು ವೇದಿಕೆ ಮೇಲಿಂದ ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಅವರಿಗೆ ಲಯ ಇಷ್ಟವಿಲ್ಲ ಅಂತಲ್ಲ. ಎಲ್ಲಿಂದ ಕೇಳಲು ಶುರು ಮಾಡಬೇಕು ಅಂತ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಮೊದಲು ಕೈಯಲ್ಲಿ ತಾಳ ಬೇಕು. ಆದಿತಾಳವಾದರೆ ಒಂದು ಘಾತ (ಅಂಗೈ ತಟ್ಟುವುದು), ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಘಾತ, ಹುಸಿ (ಅಂಗೈ ಮೇಲೆ ಮಾಡುವುದು), ಘಾತ, ಹುಸಿ. ಒಟ್ಟು ಎಂಟು ಎಣಿಕೆ. ಒಂದೊಂದು ಎಣಿಕೆಗೆ ನಾಲ್ಕು ಮಾತ್ರೆ ಅಂತ ಹಿಡಿದರೆ ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 32. ಇಷ್ಟು ಗೊತ್ತಿದ್ದರೆ ಸಾಕು.

ನಮ್ಮ ಮೇಷ್ಟ್ರು ವಾದ್ಯ ಮುಟ್ಟಿಸುವ ಮುಂಚೆ ಸೊಲ್ಲು, ಅಂದರೆ ವಾದ್ಯದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳನ್ನು, ಹೇಳಿಸುತ್ತಿದ್ದರು. "ಬಾಯಿಗೆ ಬಾರದ್ದು ಕೈಗೆ ಎಲ್ಲಿಂದ ಬರುತ್ತಪ್ಪಾ?" ಅನ್ನುತ್ತಿದ್ದರು. ಕೇಳುಗರಿಗೂ ಈ ದಾರಿ ಚೆನ್ನಾಗಿಯೇ ಒಗ್ಗುತ್ತದೆ. 'ತದಿಗಿಣತೊಂ' ತೆಗೆದುಕೊಳ್ಳಿ, ಐದು ಮಾತ್ರೆ. ಮೂರು ಸಲ ಹೇಳಿದರೆ 15. ನಡುವಿನ ಎರಡು ಕಡೆ ಎರಡೆರಡು ಮಾತ್ರೆ ಕಾರ್ವೆ (ಖಾಲಿ ಜಾಗ) ಬಿಟ್ಟರೆ 19. ಇದು ಸಮಕ್ಕೆ (ಮುಂದಿನ ಆವರ್ತದ ಮೊದಲ ಘಾತಕ್ಕೆ) ಬಂದು ಮುಗಿಯಬೇಕು ಅಂದರೆ ಆವರ್ತದಲ್ಲಿ 13 ಮಾತ್ರೆ ಕಳೆದು ಎತ್ತಬೇಕು. ಅಂದರೆ ನಡುಬೆರಳು ತಾಗಿದ ಮರುಮಾತ್ರೆಗೆ. ಮನೆಯಲ್ಲಿ ಸುಮ್ನೆ ಕೂತು ತಾಳ ಹಾಕಿಕೊಂಡು ಹೇಳಿ ನೋಡಿ. ಮೂರನೇ 'ತೊಂ' ಮುಗಿದು ಮುಂದಿನ ಘಾತ ಬಿದ್ದಾಗ ಆಗುವ ಖುಷಿ ಇದೆಯಲ್ಲ, ತನಿಯ ಅರ್ಧ ಸುಖ ಅದರಲ್ಲೇ ಇದೆ.

ಉಳಿದರ್ಧ ಜೊತೆಯವರಲ್ಲಿದೆ. ನಾನು ಹೆಚ್ಚು ಹೇಳಬೇಕೆಂದಿರುವುದು ಇದನ್ನೇ.

ಒಂದೊಂದು ವಾದ್ಯಕ್ಕೂ ಒಂದೊಂದು ಸ್ವಭಾವ. ಮೃದಂಗದ ಬಲಗಡೆ ಕರಣೆ (ಕಪ್ಪು ಲೇಪ) ಇರುವುದರಿಂದ ಶ್ರುತಿ ಖಚಿತ, ಎಡಗಡೆಯಿಂದ ಗುಮಕಿ, ಅಂದರೆ ಜಾರುವ ತಗ್ಗಿನ ನಾದ. ಘಟಕ್ಕೆ ಚರ್ಮವೇ ಇಲ್ಲ. ಬಾಯಿಯನ್ನು ಹೊಟ್ಟೆಗೆ ಒತ್ತುವುದು, ಬಿಡುವುದು, ಅದರಲ್ಲೇ ತಗ್ಗಿನ ನಾದ ಬದಲಾಗುತ್ತದೆ. ಮೋರ್ಸಿಂಗ್‌ನವರು ಸೊಲ್ಲನ್ನು ಬಾಯೊಳಗೇ ಆಡಿಸುತ್ತಾರೆ. ನನ್ನ ಖಂಜಿರ ಹಲಸಿನ ಮರದ ಒಂದು ಬಳೆ, ಒಂದೇ ಕಡೆ ಚರ್ಮ, ಪಕ್ಕದಲ್ಲಿ ಪುಟ್ಟ ಬಿಲ್ಲೆಗಳು. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಕೂಡದು. ನನ್ನದಕ್ಕೆ ಆಡಿನ ಚರ್ಮ. ನುಡಿಸುವ ಮುಂಚೆ ಒಳಬದಿಗೆ ಬೆರಳಲ್ಲಿ ನೀರು ಸವರಿ, ಸ್ವಲ್ಪ ಬಿಟ್ಟು ತಟ್ಟಿ ನೋಡುತ್ತೇನೆ. ನೀರು ಕಮ್ಮಿಯಾದರೆ ಟಣ್ ಅನ್ನುತ್ತದೆ, ಜಾಸ್ತಿಯಾದರೆ ಸತ್ತ ಸದ್ದು. ಎರಡರ ನಡುವೆ ಒಂದು ತುಂಬಿದ 'ಗುಂ' ಇದೆ. ಹಿಡಿದ ಎಡಗೈಯ ಬೆರಳುಗಳಿಂದ ಅಂಚಿನ ಹತ್ತಿರ ಚರ್ಮ ಒತ್ತಿದರೆ ಆ 'ಗುಂ' ಜಾರಿಕೊಂಡು ಮೇಲೇರುತ್ತದೆ. ದೀಪದ ಬಿಸಿಗೆ ನೀರು ಒಣಗುತ್ತಲೇ ಇರುತ್ತದೆ. ಹಾಡಿನ ಮಧ್ಯೆ ನಾವು ಪದೇ ಪದೇ ನೀರು ಸವರುವುದು ಇದಕ್ಕೇ.

ಈಗ ಕೊರಪು, ಅಂದರೆ ವಾದ್ಯಗಳ ಸವಾಲು ಜವಾಬು, ಕೇಳಿ. ಮೃದಂಗದವರು ಎರಡು ಆವರ್ತ ನುಡಿಸುತ್ತಾರೆ, ನಾವು ಎರಡು ಆವರ್ತದಲ್ಲಿ ಉತ್ತರ ಕೊಡುತ್ತೇವೆ. ಆಮೇಲೆ ಒಂದೊಂದು, ಅರ್ಧ, ಕಾಲು. ಕೊನೆಗೆ ಎಲ್ಲರೂ ಕೂಡುತ್ತಾರೆ. ಇಲ್ಲಿ ಜನ ಸಾಮಾನ್ಯವಾಗಿ ವೇಗಕ್ಕೆ ಚಪ್ಪಾಳೆ ತಟ್ಟುತ್ತಾರೆ. ನಾನು ಕಿವಿಗೊಡುವುದು ಉತ್ತರಕ್ಕೆ. ಅವರು ಇಟ್ಟ ಮಾತನ್ನು ಇವರು ಹಾಗೇ ಹೇಳಿದರಾ, ಇಲ್ಲ ಅದರಲ್ಲಿ ಒಂದು ತುಂಡು ಹಿಡಿದು ಬೆಳೆಸಿದರಾ? ಅಣ್ಣತಮ್ಮಂದಿರ ಮಾತುಕತೆ ಥರ ಅದು. ಒಬ್ಬರು ಅರ್ಧ ಹೇಳುತ್ತಿದ್ದ ಹಾಗೆ ಇನ್ನೊಬ್ಬರಿಗೆ ಪೂರ್ತಿ ಗೊತ್ತಾಗಿರುತ್ತದೆ.

ಮೋರ್ಸಿಂಗ್ ಸರದಿ ಬಂದಾಗ ಉಳಿದವರ ಕೈ ನೋಡಿ. ಅದರ ಸದ್ದು ತೀರಾ ಸಣ್ಣದು, ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಒಳ್ಳೆಯ ಮೃದಂಗದವರು ಆಗ ಕೈ ತಗ್ಗಿಸಿ ಬರೀ ತಾಳ ಹಾಕುತ್ತಾ ಕೂರುತ್ತಾರೆ. ಬೇರೆಯವರಿಗೆ ಜಾಗ ಬಿಡುವುದು ಎಷ್ಟು ದೊಡ್ಡ ವಿದ್ಯೆ ಅಂತ ನನಗೆ ಗೊತ್ತಾಗಿದ್ದು ಅಂಥವರ ಪಕ್ಕ ಕೂತು. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಸ್ವತಃ ಮೃದಂಗದಲ್ಲಿ ಬಹಳ ದೊಡ್ಡ ಹೆಸರು. ಅವರು ಇನ್ನೊಬ್ಬ ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಪಕ್ಕದಲ್ಲಿ ಖಂಜಿರ ಹಿಡಿದು ಕೂತಿದ್ದುಂಟು. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಜಾಗದ ಮೇಲೆ ಪ್ರೀತಿ ಹೆಚ್ಚುತ್ತದೆ.

ಲಯವಾದ್ಯಗಳೇ ಮುಂದೆ ನಿಲ್ಲುವ ಕಚೇರಿಗಳೂ ಇವೆ, ಅವನ್ನೂ ಬಿಡಬೇಡಿ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಜೋಡಿಸಿಕೊಂಡು ನುಡಿಸುವ ಘಟ ತರಂಗದಲ್ಲಿ ಮಡಕೆಯೇ ಹಾಡುತ್ತದೆ. ಹೆಣ್ಣುಮಕ್ಕಳೇ ಇರುವ ಅವರ 'ಸ್ತ್ರೀ ತಾಳ ತರಂಗ'ವನ್ನು ಕೇಳಿದರೆ ಈ ವಾದ್ಯಗಳು ಗಂಡಸರದ್ದು ಅನ್ನುವ ಹಳೇ ಮಾತು ತಾನಾಗೇ ಬಿದ್ದುಹೋಗುತ್ತದೆ.

ತನಿಯ ಕೊನೆಗೆ ಮೊಹರ (ಮುಗಿಯುತ್ತಿದೆ ಅಂತ ತಿಳಿಸುವ ನುಡಿಕಟ್ಟು), ಅದಾದ ಮೇಲೆ ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯ). ಕೋರ್ವೆ ಮೂರು ಸಲ ಬರುತ್ತದೆ, ಎಲ್ಲರೂ ಒಟ್ಟಿಗೆ. ಮೊದಲ ಸಲ ಅದರ ಆಕಾರ ಹಿಡಿಯಿರಿ, ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಅಂತ. ಎರಡನೇ ಸಲ ಕಾರ್ವೆಗಳನ್ನು ಕೇಳಿ. ನಾಲ್ಕು ವಾದ್ಯವೂ ಒಂದೇ ಹೊತ್ತಿಗೆ ಸುಮ್ಮನಾಗಿ ಒಂದೇ ಹೊತ್ತಿಗೆ ಏಳುತ್ತಿವೆಯಾ ಅಂತ. ಮೂರನೇ ಸಲ ಹಾಡುವವರ ಕಡೆ ನೋಡಿ. ಕೃತಿಯ ಸಾಲು ಸಮ ಕಳೆದು ಸ್ವಲ್ಪ ತಡವಾಗಿ ಏಳುವಂಥದ್ದಾದರೆ ಕೋರ್ವೆಯೂ ಸಮವನ್ನು ದಾಟಿ ಆ ಎಡುಪಿಗೇ (ಸಾಲು ಏಳುವ ಜಾಗಕ್ಕೇ) ಬಂದು ನಿಲ್ಲುತ್ತದೆ. ಹಾಗಾಗಿ ಘಾತ ಬಿದ್ದ ತಕ್ಷಣ ಚಪ್ಪಾಳೆ ತಟ್ಟಬೇಡಿ, ಹಾಡು ಎತ್ತಿಕೊಳ್ಳುವ ತನಕ ತಾಳ ಬಿಡದೆ ಕಾಯಿರಿ.